ಬೂಷ್ಟು ಹಿಡಿದ ಸಿಡಿ, ಆಗಾಗ ಹೋಗುವ ಕರೆಂಟು: ಮೂರು ತಂತ್ರಾಂಶಗಳ ಹೋಲಿಕೆ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ ಹದಿನೆಂಟು ಸಿಡಿಗಳಿದ್ದವು. ಅಪ್ಪ ಬಯಲಾಟಗಳಲ್ಲಿ ರಂಗಸ್ಥಳದ ಪಕ್ಕ ಕುಳಿತು ಟೇಪ್ ಮಾಡಿಕೊಂಡಿದ್ದ ಯಕ್ಷಗಾನವನ್ನು 2005ರ ಸುಮಾರಿಗೆ ಎಂಪಿ3 ಮಾಡಿಸಿ, ಕ್ಯಾಸೆಟ್‌ಗಳನ್ನು ಎಸೆದುಬಿಟ್ಟಿದ್ದರು. ಚಪ್ಪಲಿಗೂ ಬೂಷ್ಟು ಬರುವ ಮಳೆಗಾಲ ನಮ್ಮದು; ಸಿಡಿ ಯಾವ ಲೆಕ್ಕ?

ಮೊದಲು ತೊಳೆದೆ. ಮೆತ್ತನೆಯ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತುಸುತ್ತಾಗಿ ಉಜ್ಜಿದರೆ ಗೀರು ದತ್ತಾಂಶದ ಜಾಡಿನ ಗುಂಟವೇ ಸಾಗಿ ಉದ್ದಕ್ಕೆ ಅಳಿಸುತ್ತದೆ. ಅಡ್ಡ ಗೀರನ್ನು ಸಿಡಿಯ ದೋಷ ತಿದ್ದುವ ವ್ಯವಸ್ಥೆ ಬಹುಪಾಲು ಸಹಿಸಿಕೊಳ್ಳುತ್ತದೆ. ಆಮೇಲೆ ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಎರಡರಲ್ಲಿ ಹೆಸರು ಬರೆದ ಬದಿಯ ಬೆಳ್ಳಿ ಪದರವೇ ಎದ್ದು ಹೋಗಿತ್ತು. ಅದು ಹೋದರೆ ಯಾವ ತಂತ್ರಾಂಶವೂ ಏನೂ ಮಾಡಲಾರದು.

ಒಂಬತ್ತು ಸಿಡಿಗಳು ವಿಂಡೋಸ್‌ನಲ್ಲಿ ಸುಮ್ಮನೆ ನಕಲಾದವು. ಉಳಿದ ಏಳು ಅರ್ಧಕ್ಕೇ ನಿಂತವು.

ಅವಕ್ಕೆ ಮೊದಲು ಹಾಳಾದ ಸಿಡಿಯಿಂದ ಕಡತ ತೆಗೆಯುವ ಐಸೊಬಸ್ಟರ್ ಹಾಕಿದೆ. ಎಡಗಡೆ ಸೆಷನ್‌ಗಳ (ಸಿಡಿಗೆ ಒಂದೊಂದು ಬಾರಿ ಬರೆದದ್ದು ಒಂದೊಂದು ಸೆಷನ್) ಮರ, ಬಲಗಡೆ ಕಡತಗಳು. ಕಂಪ್ಯೂಟರ್ ಅಂದರೆ ಹೆದರುವವರಿಗೂ ಅರ್ಥವಾಗುತ್ತದೆ. ಎರಡು ಸಿಡಿಗಳಿಗೆ ಎರಡೆರಡು ಬಾರಿ ಬರೆದಿದ್ದರು. ವಿಂಡೋಸ್ ಕೊನೆಯ ಸೆಷನ್ನನ್ನಷ್ಟೇ ತೋರಿಸುತ್ತಿತ್ತು, ಇದು ಹಳೆಯದನ್ನೂ ತೆಗೆದುಕೊಟ್ಟಿತು. ಆದರೆ ಕೆಲವು ಕೆಲಸಗಳಿಗೆ ಹಣ ಕೇಳುತ್ತದೆ. ನಾನು ಬಳಸಿದಂತೆ ಕಡತಗಳನ್ನು ಒಂದೊಂದಾಗಿ ತೆಗೆಯುವಾಗ ಕರೆಂಟು ಹೋದರೆ ಆ ಕಡತ ಮತ್ತೆ ಮೊದಲಿನಿಂದ. ನಮ್ಮ ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ, ಆಗ ಜುಲೈ ಬೇರೆ.

ಹೀಗಾಗಿ ಉಳಿದ ಐದಕ್ಕೆ ಇಡೀ ಸಿಡಿಯ ಪ್ರತಿ ತೆಗೆಯುವ ಲಿನಕ್ಸ್‌ನ ಡಿಡಿರೆಸ್ಕ್ಯೂ. ಮುಖ ನೋಡಿದರೆ ಇದನ್ನು ಯಾರೂ ಇಷ್ಟಪಡುವುದಿಲ್ಲ: ಕಪ್ಪು ಪರದೆ, ಟೈಪಿಸಬೇಕಾದ ಆದೇಶ, ಸಿಡಿಯ ಸೆಕ್ಟರ್ (ಒಮ್ಮೆಗೆ ಓದುವ ತುಣುಕು) 2048 ಬೈಟ್ ಎಂಬುದನ್ನೂ ನಾವೇ ಹೇಳಬೇಕು. ಆದರೆ ಕೆಲಸದಲ್ಲಿ ಅಡಿಕೆ ಕೊಯ್ಯುವ ಅನುಭವಸ್ಥ ಕೊನೆಗಾರನ ಜಾಣತನವಿದೆ. ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಇಳಿಸಿಕೊಂಡು, ಹಟ ಮಾಡುವ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ನಕ್ಷೆಯ ಕಡತವೊಂದರಲ್ಲಿ ಆಗಾಗ ಬರೆದಿಡುತ್ತದೆ. ಒಂದು ಸಂಜೆ ನಾಲ್ಕು ಬಾರಿ ಕರೆಂಟು ಹೋಯಿತು. ನಾಲ್ಕು ಬಾರಿಯೂ ಹೆಚ್ಚುಕಡಿಮೆ ಬಿಟ್ಟಲ್ಲಿಂದಲೇ ಶುರುವಾಯಿತು. ನನಗೆ ಇಷ್ಟೇ ಸಾಕಿತ್ತು. ಇನ್ನೊಂದು ಲಾಭ ಆಮೇಲೆ ತಿಳಿಯಿತು: ಅದೇ ನಕ್ಷೆಯನ್ನು ಇಟ್ಟುಕೊಂಡು ಸಿಡಿಯನ್ನು ಬೇರೆ ಡ್ರೈವ್‌ಗೆ ಹಾಕಬಹುದು. ಡೆಸ್ಕ್‌ಟಾಪಿನ ಡ್ರೈವ್ ಕೈಬಿಟ್ಟ ಜಾಗಗಳನ್ನು ನೆಂಟರಿಂದ ತಂದ ಯುಎಸ್‌ಬಿ ಡ್ರೈವ್ ಬಹುಪಾಲು ಓದಿತು.

ಪೂರ್ತಿ ಬಂತೆಂದಲ್ಲ. ಆದರೆ ಎಂಪಿ3 ಉದಾರಿ. 128 ಕೆಬಿಪಿಎಸ್‌ನಲ್ಲಿ ಒಂದು ಸೆಕ್ಟರ್ ಹೋದರೆ ನಷ್ಟ ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ. ಚೆಂಡೆಯ ಒಂದು ಪೆಟ್ಟು ತಪ್ಪಿದಂತೆ. ಫೋಟೊ ಆಗಿದ್ದರೆ ಅಲ್ಲಿಂದ ಕೆಳಗೆಲ್ಲ ಬೂದು ಬಣ್ಣವಾಗಬಹುದಿತ್ತು.

ಐದರಲ್ಲಿ ಒಂದರ ಕಡತಪಟ್ಟಿಯೇ ಅಳಿದಿತ್ತು. ಡಿಡಿರೆಸ್ಕ್ಯೂ ತೆಗೆದ ಅದರ ಪ್ರತಿಯ ಮೇಲೆ ಫೋಟೊರೆಕ್ ಓಡಿಸಿದೆ. ಹೆಸರು ಫೋಟೊ ಎಂದಿದ್ದರೂ ಹಾಡುಗಳನ್ನೂ ಹುಡುಕುತ್ತದೆ, ಉಚಿತ ಕೂಡ. ಪಟ್ಟಿಯನ್ನು ನಂಬದೆ ದತ್ತಾಂಶದ ಗುರುತು ಹಿಡಿದು ಹೆಕ್ಕುವುದರಿಂದ ಹಳೆಯ ಹೆಸರುಗಳು ಮಾತ್ರ ಸಿಗುವುದಿಲ್ಲ. ಎಲ್ಲಕ್ಕೂ ಬರೀ ಸಂಖ್ಯೆ. ಯಾವುದು ಯಾವ ಪ್ರಸಂಗ? ಅಪ್ಪನನ್ನು ಕೂರಿಸಿ ಕೇಳಿಸಿದೆ. ಎರಡು ಪದ್ಯ ಮುಗಿಯುವುದರೊಳಗೆ ಪ್ರಸಂಗ, ಆಟ ನಡೆದ ಊರು, ಆ ರಾತ್ರಿ ಮಳೆ ಬಂದಿತ್ತೋ ಇಲ್ಲವೋ ಎಲ್ಲ ಹೇಳಿದರು. ಹಾಳಾದ ಸಿಡಿಯ ಮೇಲೆ ಫೋಟೊರೆಕ್ಕನ್ನು ನೇರವಾಗಿ ಓಡಿಸಬೇಡಿ. ಮೊದಲು ಡಿಡಿರೆಸ್ಕ್ಯೂನಿಂದ ಪ್ರತಿ ತೆಗೆಯಿರಿ.

ಬೆಳ್ಳಿ ಪದರ ಎದ್ದ ಆ ಎರಡನ್ನು ಅಪ್ಪ ಬಾಳೆಗೊನೆಯ ಪಕ್ಕ ನೇತು ಹಾಕಿದ್ದಾರೆ. ಮಂಗಗಳು ಹೆದರಿದಂತೆ ಕಾಣುವುದಿಲ್ಲ.