ಪೈಇನ್‌ಸ್ಟಾಲರ್: ಗಂಜ್‌ನ ಹಳೇ ಕಂಪ್ಯೂಟರ್‌ಗಳಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ

ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಪೈಥಾನ್ ಇಲ್ಲದ ಕಂಪ್ಯೂಟರ್‌ನಲ್ಲೂ ಓಡುವಂತೆ ಕಟ್ಟಿಕೊಡುವ ಪೈಇನ್‌ಸ್ಟಾಲರ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಆದರೆ ಎಲ್ಲವನ್ನೂ ಒಂದೇ ಫೈಲ್‌ಗೆ ತುಂಬುವ ಅದರ 'ಒನ್‌ಫೈಲ್' ಆಯ್ಕೆ ಬಳಸುವವರಿಗೆ ಎರಡೇ.

ಕಲಬುರಗಿ ಗಂಜ್ ಮಾರುಕಟ್ಟೆಯ ಅಡತ್ (ದಲ್ಲಾಳಿ) ಅಂಗಡಿಗಳಿಗೆ, ಒಂದಿಷ್ಟು ದಾಲ್ ಮಿಲ್‌ಗಳಿಗೆ ತೊಗರಿಯ ತೂಕ, ಹಮಾಲಿ, ರೈತರ ಪಟ್ಟಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಬರೆಯುವುದು ಪೈಥಾನ್‌ನಲ್ಲಿ, ಪರದೆಗೆ ಪೈಕ್ಯೂಟಿ 5, ಕಾಂಟಾದಿಂದ (ತೂಕದ ಯಂತ್ರ) ತೂಕ ಓದಲು ಪೈಸೀರಿಯಲ್. ಅಂಗಡಿಯವರಿಗೆ 'ಮೊದಲು ಪೈಥಾನ್ ಹಾಕಿಕೊಳ್ಳಿ' ಅಂತ ಹೇಳಲು ಆಗುತ್ತಾ? ಡಬಲ್ ಕ್ಲಿಕ್ ಮಾಡಿದರೆ ತೆರೆಯಬೇಕು, ಅಷ್ಟೇ. ಆ ಕೆಲಸ ಪೈಇನ್‌ಸ್ಟಾಲರ್ ಚೆನ್ನಾಗಿ ಮಾಡುತ್ತದೆ. ಕೋಡ್‌ನಲ್ಲಿರುವ ಇಂಪೋರ್ಟ್‌ಗಳನ್ನು (ಹೊರಗಿನ ಕೋಡ್ ಕರೆಯುವ ಸಾಲುಗಳನ್ನು) ಹುಡುಕಿ, ಬೇಕಾದ ಲೈಬ್ರರಿಗಳ ಜೊತೆ ಪೈಥಾನನ್ನೂ ಕಟ್ಟಿಕೊಡುತ್ತದೆ. ಓಡುವ ಹೊತ್ತಿನಲ್ಲಿ ಹೆಸರು ಕಟ್ಟಿ ಕರೆಯುವ ಮಾಡ್ಯೂಲ್‌ಗಳು ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ. ಅವನ್ನು 'ಹಿಡನ್ ಇಂಪೋರ್ಟ್' ಅಂತ ನಾವೇ ಹೇಳಬೇಕು.

ಈಗ ಒನ್‌ಫೈಲ್ ವಿಷಯ. ಒಂದೇ ಫೈಲ್, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೆ ಆಯಿತು ಅಂತ ಎಲ್ಲರಿಗೂ ಆಸೆ. ಒಳಗೆ ನಡೆಯುವುದೇ ಬೇರೆ: ಪ್ರತಿ ಸಲ ತೆರೆದಾಗಲೂ ಆ ಫೈಲ್ ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಟೆಂಪ್ ಫೋಲ್ಡರ್‌ಗೆ ಬಿಚ್ಚಿಕೊಂಡು ಆಮೇಲೆ ಶುರುವಾಗುತ್ತದೆ, ಹಳೇ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ, ಅದರ ಮೇಲೆ ಆಂಟಿವೈರಸ್ ಬೇರೆ ಒಂದೊಂದೇ ಫೈಲ್ ನೋಡುತ್ತಾ ಕೂತರೆ, ಚಹಾ ಕುಡಿದು ಬರಬಹುದು. ನಡುವೆ ಕರೆಂಟ್ ಹೋಯಿತೋ, ಬಿಚ್ಚಿದ ಫೋಲ್ಡರ್ ಅಲ್ಲೇ ಉಳಿಯುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ, ಅಲ್ವಾ? ಹಾಗೆ ಡಿಸ್ಕ್ ತುಂಬುತ್ತಾ ಹೋಗುತ್ತದೆ. ಇನ್ನೂ ದೊಡ್ಡ ಅಪಾಯ ಎಂದರೆ ಡೇಟಾಬೇಸ್ ಫೈಲನ್ನು ಆ ಬಿಚ್ಚಿದ ಜಾಗದಲ್ಲೇ ಇಡುವುದು. ಪ್ರೋಗ್ರಾಂ ಮುಚ್ಚಿದ ಕೂಡಲೇ ಫೋಲ್ಡರ್ ಅಳಿಯುತ್ತದೆ, ದಿನದ ವ್ಯಾಪಾರವೂ ಅದರ ಜೊತೆ ಹೋಗುತ್ತದೆ. ಡೇಟಾ ಯಾವಾಗಲೂ ಬಳಕೆದಾರರ ಫೋಲ್ಡರ್‌ನಲ್ಲೇ ಇರಲಿ.

ನಾನು ಎಲ್ಲವನ್ನೂ ಬಿಚ್ಚಿದಂತೆಯೇ ಒಂದು ಫೋಲ್ಡರ್‌ನಲ್ಲಿಡುವ 'ಒನ್‌ಡಿರ್' ಮಾಡಿ, ಇನ್ನೋ ಸೆಟಪ್ ಎಂಬ ಬೇರೆ ಸಾಧನದಿಂದ ಇನ್‌ಸ್ಟಾಲರ್ ಕಟ್ಟಿ ಕೊಡುತ್ತೇನೆ. ಗಿರಾಕಿಗೆ ಕಾಣುವುದು ಒಂದೇ ಫೈಲ್, ತೆರೆಯುವುದೂ ಬೇಗ. ಪೈಇನ್‌ಸ್ಟಾಲರ್ 6.0 ಆವೃತ್ತಿಯಿಂದ ಲೈಬ್ರರಿಗಳೆಲ್ಲ 'ಇಂಟರ್ನಲ್' ಎಂಬ ಒಳ ಫೋಲ್ಡರ್‌ಗೆ ಹೋಗಿವೆ, ಹೊರಗೆ ಗಲೀಜು ಕಾಣುವುದಿಲ್ಲ.

ಕಟ್ ಆದ ಒಂದು ಸ್ಟಾರ್ ಆಂಟಿವೈರಸ್ ಜಗಳಕ್ಕೆ. ಮಿಲ್ಲಿನ ಮುನೀಮರು ಫೋನ್ ಮಾಡಿ, "ನಿಮ್ಮ ಸಾಫ್ಟ್‌ವೇರ್‌ನಾಗ ವೈರಸ್ ಅದ ಅಂತ ತೋರಸ್ಲತದ ನೋಡ್ರಿ" ಅಂದರೆ ಏನು ಉತ್ತರ ಕೊಡುವುದು? ಪ್ರೋಗ್ರಾಂ ಶುರುಮಾಡುವ ಸಣ್ಣ ತುಂಡಾದ ಪೈಇನ್‌ಸ್ಟಾಲರ್‌ನ ಬೂಟ್‌ಲೋಡರನ್ನು ವೈರಸ್ ಬರೆಯುವವರೂ ಬಳಸುತ್ತಾರೆ, ಹಾಗಾಗಿ ಒಳ್ಳೆಯದಕ್ಕೂ ಅದೇ ಮುದ್ರೆ ಬೀಳುತ್ತದೆ. ಬೂಟ್‌ಲೋಡರನ್ನು ನಾವೇ ಮೂಲ ಕೋಡ್‌ನಿಂದ ಕಟ್ಟಿಕೊಂಡು, ಫೈಲನ್ನು ಒತ್ತಿ ಚಿಕ್ಕದು ಮಾಡುವ ಯುಪಿಎಕ್ಸ್ ಬಳಸದೆ ಬಿಟ್ಟರೆ ಕಾಟ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಫೈಲ್ ನಮ್ಮದೇ ಅಂತ ಸಹಿ ಹಾಕುವ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಬೇಕೆಂದರೆ ಅದಕ್ಕೆ ಹಣ ಕಟ್ಟುತ್ತಿರಬೇಕು, ಸಣ್ಣವರಿಗೆ ಅದು ಭಾರ.

ವಿಂಡೋಸ್‌ನಲ್ಲಿ ಕೂತು ಲಿನಕ್ಸ್‌ಗೆ ಕಟ್ಟಲು ಬರುವುದಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಯಾವ ಸಿಸ್ಟಮ್‌ಗೆ ಬೇಕೋ ಅದರ ಮೇಲೇ ಕಟ್ಟಬೇಕು, ಇಲ್ಲವೇ ಗಿಟ್‌ಹಬ್ ಆಕ್ಷನ್ಸ್ ಎಂಬ ಆನ್‌ಲೈನ್ ಸೇವೆಯಲ್ಲಿ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಯಂತ್ರ ಸಿಗುತ್ತವೆ. ಹೊಸ ಲಿನಕ್ಸ್‌ನಲ್ಲಿ ಕಟ್ಟಿದ್ದು ಹಳೆಯದರಲ್ಲಿ, ಅಲ್ಲಿನ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ ಹಳೆಯದಾಗಿ ಸಾಲದೆ, ನಿಂತುಬಿಡುತ್ತದೆ, ಆದ್ದರಿಂದ ನಿಮ್ಮ ಗಿರಾಕಿಗಳ ಹತ್ತಿರ ಇರುವುದರಲ್ಲೇ ಹಳೆಯ ಲಿನಕ್ಸ್ ಹಿಡಿದು ಅದರಲ್ಲಿ ಕಟ್ಟಿ. ವಿಂಡೋಸ್ 7 ಇನ್ನೂ ಬಿಡದವರಿಗೆ ಪೈಥಾನ್ 3.8ನಲ್ಲೇ ನಿಲ್ಲಬೇಕು, 3.9 ಅಲ್ಲಿ ಓಡುವುದೇ ಇಲ್ಲ. 32 ಬಿಟ್ ಬೇಕಿದ್ದರೆ 32 ಬಿಟ್ ಪೈಥಾನ್‌ನಿಂದಲೇ ಕಟ್ಟಬೇಕು. ಮ್ಯಾಕ್ ಕೇಳಿದವರು ಗಂಜ್‌ನಲ್ಲಿ ಇದುವರೆಗೆ ಸಿಕ್ಕಿಲ್ಲ.

ಕನ್ನಡದ ಮಾತು: ಒತ್ತಕ್ಷರಗಳನ್ನು ಕ್ಯೂಟಿ (ಪೈಕ್ಯೂಟಿಯ ಒಳಗಿನ ಪರದೆ ಲೈಬ್ರರಿ) ಸರಿಯಾಗಿ ತೋರಿಸುತ್ತದೆ. ಆದರೂ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಜೊತೆಗೇ ಕಟ್ಟಿ. ಕನ್ನಡ ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ರೈತರ ಹೆಸರಿನ ಜಾಗದಲ್ಲಿ ಬರೀ ಡಬ್ಬಿಗಳು ಕಾಣುತ್ತವೆ.

ಕೋಡ್ ಮುಚ್ಚಿಡಬೇಕು ಅನ್ನುವವರು ಪೈಇನ್‌ಸ್ಟಾಲರನ್ನು ನಂಬಬೇಡಿ. ಒಳಗಿನ ಬೈಟ್‌ಕೋಡನ್ನು (ಪೈಥಾನ್ ಓಡಿಸುವ ರೂಪಕ್ಕೆ ತಂದ ಕೋಡ್) ಹೊರತೆಗೆಯುವುದು ಸುಲಭ, ಮೊದಲಿದ್ದ ಎನ್‌ಕ್ರಿಪ್ಶನ್ ಆಯ್ಕೆಯನ್ನೂ 6.0ನಲ್ಲಿ ತೆಗೆದುಹಾಕಿದ್ದಾರೆ. ಅಂಥವರು ನ್ಯುಟ್ಕಾ ಎಂಬ ಇನ್ನೊಂದು ಸಾಧನ ನೋಡಿ, ಅದು ಪೈಥಾನನ್ನು ಸಿ ಭಾಷೆಗೆ ಇಳಿಸಿ ಕಂಪೈಲ್ ಮಾಡುತ್ತದೆ, ಆದರೆ ಕಟ್ಟಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಸೀಸನ್‌ನಲ್ಲಿ ಸಂಜೆ ಫೋನ್ ಬಂದು ಬೆಳಿಗ್ಗೆ ಹರಾಜು ಶುರುವಾಗುವುದರೊಳಗೆ ಹೊಸ ಫೈಲ್ ಕೊಡಬೇಕಾದ ನನಗೆ ಅಷ್ಟು ತಾಳ್ಮೆ ಇಲ್ಲ.