ಸ್ಲೋವಾಕ್ ರಾಕ್: ಉರ್ಸಿನಿಯಿಂದ ಶುರು ಮಾಡಬೇಕಾ, ಹಮ್ಮೆಲ್‌ನಿಂದಲಾ?

ಇಬ್ಬರೂ ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದ ಗಾಯಕರು, ಗಿಟಾರ್ ವಾದಕರು. ಡೆಝೊ ಉರ್ಸಿನಿ 1947ರಲ್ಲಿ ಹುಟ್ಟಿದವರು, ಪಾವೊಲ್ ಹಮ್ಮೆಲ್ 1948ರಲ್ಲಿ.

ಮೊದಲ ಸಲಕ್ಕೇ ರಾಗ ಬಾಯಿಗೆ ಬರಬೇಕು ಅಂದರೆ ಹಮ್ಮೆಲ್. ಅವರ ಪ್ರೂಡಿ ತಂಡದ 1969ರ ಆಲ್ಬಮ್ 'ಜ್ವೊಂಟೆ, ಜ್ವೊಂಕಿ' ಸಾಕು. ಕೀಬೋರ್ಡ್‌ನಲ್ಲಿ ಮರಿಯಾನ್ ವರ್ಗಾ ಇದ್ದಾರೆ.

ಉರ್ಸಿನಿಯನ್ನು ಕೇಳೋಕೆ ತಾಳ್ಮೆ ಜಾಸ್ತಿ ಬೇಕು. ಬೀಟ್‌ಮೆನ್, ಸೋಲ್‌ಮೆನ್ ತಂಡಗಳ ಕಾಲದಲ್ಲಿ ಇಂಗ್ಲಿಷ್‌ನಲ್ಲಿ ಹಾಡಿದರು. 1973ರ ಆಲ್ಬಮ್ 'ಪ್ರೊವಿಜೋರಿಯಮ್' ಕೂಡ ಇಂಗ್ಲಿಷ್‌ನಲ್ಲೇ ಇದೆ, ಹಾಡುಗಳು ಉದ್ದ. ಆಮೇಲೆ ಕವಿ ಇವಾನ್ ಶ್ಟ್ರ್‌ಪ್ಕಾ ಜೊತೆಯಾದರು. 1978ರ 'ಪೆವ್ನಿನಾ ಡೆಟ್‌ಸ್ಟ್ವಾ'ದಲ್ಲಿ ಹಾಡು ಮತ್ತು ಕವಿತೆ ಬೇರೆ ಬೇರೆ ಅನ್ನಿಸೋದೇ ಇಲ್ಲ. ನನಗೆ ಉರ್ಸಿನಿ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಇದೇ. ಅವರು ಸಾಕ್ಷ್ಯಚಿತ್ರಗಳನ್ನೂ ಮಾಡಿದರು. 1995ರಲ್ಲಿ, 47ನೇ ವಯಸ್ಸಿಗೇ ಹೋಗಿಬಿಟ್ಟರು.

ಭಾಷೆ ಅಡ್ಡಿ ಅನ್ನಿಸಿದರೆ 'ಪ್ರೊವಿಜೋರಿಯಮ್' ಸುಲಭದ ಬಾಗಿಲು. ಭಾಷೆ ಗೊತ್ತಿಲ್ಲದಿದ್ದರೂ ಸ್ಲೋವಾಕ್ ದನಿಯೇ ಬೇಕು ಅನ್ನೋರಿಗೆ ಹಮ್ಮೆಲ್ ಹತ್ತಿರ.

ಸಂಗೀತ ನಾಟಕ ಇಷ್ಟವಾ? ಹಮ್ಮೆಲ್ ಮತ್ತು ವರ್ಗಾ ಸೇರಿ ಮಾಡಿದ 'ಸಿರಾನೊ ಸ್ ಪ್ರೆಡ್‌ಮೆಸ್ಟಿಯಾ' ಇದೆ. ಮನೆಯಲ್ಲಿ ಮಕ್ಕಳಿದ್ದರೆ ಉರ್ಸಿನಿ ಸಂಗೀತದ ಚಿತ್ರ 'ನೆಬೆರ್ಟೆ ನಾಮ್ ಪ್ರಿನ್ಸೆಜ್ನು' ಹಾಕಿ. ಗಿಟಾರ್ ಕಲಿಯುತ್ತಿರುವವರು ಹಮ್ಮೆಲ್, ವರ್ಗಾ, ಗಿಟಾರ್ ವಾದಕ ರಾದಿಮ್ ಹ್ಲಾದಿಕ್ ಸೇರಿದ 1972ರ ಆಲ್ಬಮ್ 'ಜೆಲೆನಾ ಪೋಷ್ಟಾ' ಕೇಳಲೇಬೇಕು.