ವಾರ್ ಸಿನಿಮಾ ಮ್ಯೂಸಿಕ್ಕು, ಮಿಲಿಟರಿ ಮಾರ್ಚುಗಳ ಎರಡು ಡಿಸ್ಕಿನ ಸೆಟ್: ಹೆಜ್ಜೆ ಎಲ್ಲಿದೆ, ಎಲ್ಲಿ ತಪ್ಪಿದೆ

ಯುದ್ಧದ ಸಿನಿಮಾಗಳ ಮ್ಯೂಸಿಕ್ಕು, ಮಿಲಿಟರಿ ಮಾರ್ಚುಗಳು ಎರಡನ್ನೂ ಸೇರ್ಸಿ ಮಾಡಿರೋ ಈ ಎರಡು ಡಿಸ್ಕಿನ ಸೆಟ್ ತಗೊಳ್ಳೋಣ್ವಾ ಬೇಡ್ವಾ ಅಂತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ಎರಡನೇ ಡಿಸ್ಕಿಗೋಸ್ಕರ ಆದ್ರೂ ತಗೊಳ್ಳಿ. ಮೊದಲನೇದ್ರಲ್ಲಿ ಸಿನಿಮಾ ಥೀಮ್‌ಗಳು, ಎಲ್ಲಾ ಹೊಸದಾಗಿ ಸ್ಟುಡಿಯೋ ಆರ್ಕೆಸ್ಟ್ರಾ ನುಡಿಸಿರೋದು, ಸಿನಿಮಾದ ಒರಿಜಿನಲ್ ರೆಕಾರ್ಡಿಂಗ್ ಒಂದೂ ಇಲ್ಲ. ಎರಡನೇದ್ರಲ್ಲಿ ಮಿಲಿಟರಿ ಬ್ಯಾಂಡುಗಳೇ ನುಡಿಸಿದ ಮಾರ್ಚುಗಳು. ಇಂಥ ಸೆಟ್‌ಗಳನ್ನ ನಾನು ನೋಡೋದು ಒಂದೇ ಲೆಕ್ಕದಲ್ಲಿ, ಇದನ್ನ ಕೇಳ್ತಾ ನಡೀಬಹುದಾ? ಮಾರ್ಚ್ ಹುಟ್ಟಿದ್ದೇ ನೂರಾರು ಜನ ಒಟ್ಟಿಗೆ ಹೆಜ್ಜೆ ಹಾಕ್ಲಿ ಅಂತ, ಆ ಹೆಜ್ಜೆ ತಪ್ಪಿದ್ರೆ ಎಷ್ಟೇ ದೊಡ್ಡ ಆರ್ಕೆಸ್ಟ್ರಾ ಇದ್ರೂ ಅದ್ರಲ್ಲಿ ಜೀವ ಇರಲ್ಲ.

ಮೊದಲನೇ ಡಿಸ್ಕ್ ಶುರುವಾಗೋದೇ ಕರ್ನಲ್ ಬೋಗಿ ಅನ್ನೋ ಮಾರ್ಚಿಂದ, ಬೇರೆ ಯಾವ್ದ್ರಿಂದ ಶುರು ಮಾಡಿದ್ರೂ ನಂಗೆ ಬೇಜಾರಾಗ್ತಿತ್ತು. ಇದನ್ನ 1914ರಲ್ಲಿ ಬರೆದಿದ್ದು ಬ್ರಿಟಿಷ್ ಸೈನ್ಯದ ಬ್ಯಾಂಡ್ ಮಾಸ್ಟರ್ ರಿಕೆಟ್ಸ್, ಕೆನೆತ್ ಆಲ್ಫರ್ಡ್ ಅನ್ನೋ ಬೇರೆ ಹೆಸರಲ್ಲಿ. ಆದ್ರೆ ಲೋಕಕ್ಕೆಲ್ಲಾ ಗೊತ್ತಾಗಿದ್ದು 1957ರ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್ ಸಿನಿಮಾದಿಂದ. ಸೆರೆಸಿಕ್ಕ ಸೈನಿಕರು ಹರಿದ ಬೂಟಲ್ಲಿ ಶಿಳ್ಳೆ ಹಾಕ್ಕೊಂಡು ಕ್ಯಾಂಪೊಳಗೆ ಬರ್ತಾರಲ್ಲ, ಅದು. ಶಿಳ್ಳೆ ಯಾಕೆ ಅಂದ್ರೆ ಸೈನಿಕರು ಆ ಟ್ಯೂನಿಗೆ ಹಾಡ್ತಿದ್ದ ಮಾತುಗಳು ಪೋಲಿ ಮಾತುಗಳು, ಸಿನಿಮಾದಲ್ಲಿ ಹಾಡ್ಸೋ ಹಾಗಿರ್ಲಿಲ್ಲ, ಆದ್ರೆ ಮಾತಿಲ್ದೇ ಇರೋದ್ರಿಂದ್ಲೇ ಆ ಸೀನಿಗೆ ಅಷ್ಟು ಬಲ ಬಂತು ಅಂತ ನನ್ನ ನಂಬಿಕೆ. ಸಿನಿಮಾಕ್ಕೆ ಸಂಗೀತ ಮಾಡಿದ ಮಾಲ್ಕಮ್ ಆರ್ನಾಲ್ಡ್ ಏನ್ ಮಾಡಿದ್ರು ಅಂದ್ರೆ ಆ ಶಿಳ್ಳೆಯ ಜೊತೆಗೇ ಕೂತ್ಕೊಳ್ಳೋ ಹಾಗೆ ಇನ್ನೊಂದು ಮಾರ್ಚ್ ಬರೆದ್ರು, ಎರಡೂ ಒಟ್ಟಿಗೆ ನಡೀತವೆ, ಒಂದು ಸುಸ್ತಾದ ಸೈನಿಕರದು ಇನ್ನೊಂದು ಬ್ಯಾಂಡಿಂದು, ಆ ವರ್ಷ ಸಂಗೀತದ ಆಸ್ಕರ್ ಕೂಡ ಬಂತು. ಈ ಸೆಟ್ಟಲ್ಲಿ ಶಿಳ್ಳೆ ಸ್ವಲ್ಪ ಜಾಸ್ತಿನೇ ನೀಟಾಗಿದೆ, ಸ್ಟುಡಿಯೋದಲ್ಲಿ ನಿಂತ್ಕೊಂಡು ಹಾಕಿದ್ದು ಅಂತ ಗೊತ್ತಾಗತ್ತೆ. ಆದ್ರೆ ಬ್ಯಾಂಡ್ ಬಂದು ಸೇರ್ಕೊಳ್ಳೋ ಜಾಗ ಮಾತ್ರ ಸರಿಯಾಗಿದೆ, ಮೈ ಜುಮ್ ಅನ್ನತ್ತೆ.

ವೇರ್ ಈಗಲ್ಸ್ ಡೇರ್ ಸಿನಿಮಾದ ಥೀಮ್ ಈ ಡಿಸ್ಕಿನ ಬೆಸ್ಟ್ ಟ್ರ್ಯಾಕ್. ರಾನ್ ಗುಡ್ವಿನ್ ಅವ್ರದ್ದು. ಬರೀ ಸೈಡ್ ಡ್ರಮ್ಮಿಂದ ಶುರು, ಮೇಲೆ ಯಾವ ಟ್ಯೂನೂ ಇಲ್ಲ, ಆಮೇಲೆ ಬ್ರಾಸ್, ಅಂದ್ರೆ ಟ್ರಂಪೆಟ್, ಟ್ರಾಂಬೋನ್ ಥರದ ಊದೋ ವಾದ್ಯಗಳು, ಒಂದೊಂದಾಗಿ ಒಂದರ ಹಿಂದೆ ಒಂದು ಬಂದು ಸೇರ್ಕೊಳ್ತಾ ಹೋಗತ್ತೆ. ಡ್ರಮ್ಮಿನ ಕಡ್ಡಿ ಏಟು ಒಂದೊಂದೂ ಬೇರೆ ಬೇರೆ ಕೇಳಬೇಕು ಇಲ್ಲಿ, ಕೇಳತ್ತೆ, ರೆಕಾರ್ಡ್ ಮಾಡಿದವ್ರಿಗೆ ದೊಡ್ಡ ನಮಸ್ಕಾರ.

ಪ್ಯಾಟನ್ ಮಾತ್ರ ಹಾಳಾಗಿದೆ. ಅಮೆರಿಕದ ಜನರಲ್ ಪ್ಯಾಟನ್ ಬಗ್ಗೆ 1970ರ ಸಿನಿಮಾ, ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ. ಆ ಟ್ರಂಪೆಟ್ಟಿನ ಮೂರು ಮೂರು ಸ್ವರಗಳನ್ನ ಅವ್ರು ಎಕೋಪ್ಲೆಕ್ಸ್ ಅನ್ನೋ ಟೇಪ್ ಮಷಿನ್ನಲ್ಲಿ ಹಾಕಿ ಪ್ರತಿಧ್ವನಿ ತರಿಸಿದ್ರು, ಯಾಕಂದ್ರೆ ಆ ಜನರಲ್‌ಗೆ ಪುನರ್ಜನ್ಮದಲ್ಲಿ ನಂಬಿಕೆ, ಹಿಂದಿನ ಜನ್ಮಗಳ ಯುದ್ಧಗಳಿಂದ ಕಹಳೆ ಕೇಳಿಸ್ತಾ ದೂರ ಹೋಗ್ತಿದೆ ಅನ್ನಿಸ್ಬೇಕು. ಇಲ್ಲಿ ಆ ಸ್ವರಗಳನ್ನ ರೆಕಾರ್ಡಿಂಗ್ ಹಾಲ್‌ನ ಮೊಳಗಿಗೆ ಬಿಟ್ಟುಬಿಟ್ಟಿದ್ದಾರೆ, ಎಲ್ಲಾ ಕಲಸಿಹೋಗಿದೆ, ದೂರ ಅನ್ನೋದೇ ಇಲ್ಲ.

ಗ್ರೇಟ್ ಎಸ್ಕೇಪ್ ಚೆನ್ನಾಗಿದೆ, ಡ್ಯಾಂ ಬಸ್ಟರ್ಸ್ ಓಕೆ. ಕೊನೇಲಿ ಸೇವಿಂಗ್ ಪ್ರೈವೇಟ್ ರಯಾನ್‌ನ ಹಿಮ್ ಟು ದಿ ಫಾಲನ್ ಇಟ್ಟಿರೋದು ಒಳ್ಳೆ ಕೆಲ್ಸ. 1998ರ ಆ ಸಿನಿಮಾದಲ್ಲಿ ಒಮಾಹಾ ಬೀಚಿನ ಕಾಳಗಕ್ಕೆ ಮ್ಯೂಸಿಕ್ಕೇ ಇಲ್ಲ, ಬರೀ ಗುಂಡು, ನೀರು, ಕಿರುಚಾಟ, ಜಾನ್ ವಿಲಿಯಮ್ಸ್ ಈ ಕೋರಸ್ಸನ್ನ ಸಿನಿಮಾ ಮುಗಿದು ಹೆಸರುಗಳು ಬರುವಾಗ ಮಾತ್ರ ಕೇಳಿಸ್ತಾರೆ. ಅದನ್ನ ಡಿಸ್ಕಿನ ಮಧ್ಯದಲ್ಲಿ ತುರುಕಿದ್ರೆ ಅರ್ಥನೇ ಇರ್ತಿರ್ಲಿಲ್ಲ.

ಈಗ ಎರಡನೇ ಡಿಸ್ಕು. ಇಲ್ಲಿ ಬ್ಯಾಂಡುಗಳು ನಿಜವಾಗ್ಲೂ ನಡೆಯೋ ಸ್ಪೀಡಲ್ಲೇ ನುಡಿಸಿವೆ. ಅಮೆರಿಕದ ಕ್ವಿಕ್ ಮಾರ್ಚ್ ಅಂದ್ರೆ ನಿಮಿಷಕ್ಕೆ 120 ಹೆಜ್ಜೆ, ಫ್ರೆಂಚ್ ಫಾರಿನ್ ಲೀಜನ್, ಅಂದ್ರೆ ಫ್ರಾನ್ಸ್ ಸೈನ್ಯದಲ್ಲಿ ವಿದೇಶಿಯರು ಸೇರೋ ಪಡೆ, ಅದರದ್ದು 88, ಅದಕ್ಕೇ ಪ್ಯಾರಿಸ್ಸಿನ ಜುಲೈ 14ರ ಪೆರೇಡಲ್ಲಿ ನಡ್ಕೊಂಡು ಹೋಗೋ ತುಕಡಿಗಳಲ್ಲಿ ಅವ್ರು ಕೊನೆಗೆ ಬರೋದು. ಅಮೆರಿಕದ ಮಾರ್ಚ್ ಸಂಯೋಜಕ ಸೂಸಾ ಅವರ ಮಾರ್ಚ್ ಆದ್ಮೇಲೆ ತಕ್ಷಣ ಲೀಜನ್ನಿನ ಲೆ ಬುದ್ಯಾಂ ಅನ್ನೋ ಮಾರ್ಚ್ ಹಾಡು ಬರತ್ತೆ, ಆ ನಿಧಾನದಲ್ಲಿ ಎಂಥಾ ತೂಕ ಇದೆ ಅಂದ್ರೆ ಗಂಡಸರ ದನಿ, ಹೆಜ್ಜೆ, ಮತ್ತೇನೂ ಬೇಡ ಅನ್ಸತ್ತೆ. ನಂಗೆ ಇದಕ್ಕಿಂತ್ಲೂ ಇಷ್ಟ ಆಗಿದ್ದು ರಷ್ಯಾದ ಫೇರ್‌ವೆಲ್ ಆಫ್ ಸ್ಲಾವಿಯಾಂಕಾ. ವಾಸಿಲಿ ಅಗಾಪ್ಕಿನ್ ಅನ್ನೋ ಟ್ರಂಪೆಟ್ ನುಡಿಸ್ತಿದ್ದ ಸೈನಿಕ 1912ರಲ್ಲಿ ಬರೆದಿದ್ದು, ಬಾಲ್ಕನ್ ಯುದ್ಧಕ್ಕೆ ಗಂಡಸರನ್ನ ಕಳಿಸಿಕೊಡೋ ಹೆಂಗಸರಿಗೆ ಅಂತ. ಮೈನರ್ ಸ್ಕೇಲಲ್ಲಿದೆ, ಕಾಲು ಮುಂದಕ್ಕೆ ಹೋಗ್ತಿರತ್ತೆ ಮನಸ್ಸು ಹಿಂದಕ್ಕೆ ತಿರುಗಿ ನೋಡ್ತಿರತ್ತೆ, ಒಂದು ಮಾರ್ಚಲ್ಲಿ ಇದೆರಡನ್ನೂ ಒಟ್ಟಿಗೆ ಹಿಡಿದಿರೋದನ್ನ ನಾನು ಬೇರೆಲ್ಲೂ ಕೇಳಿಲ್ಲ. ಬ್ಯಾಂಡೂ ಎಳೆದಾಡ್ದೆ ಅಳಿಸೋಕೆ ಹೋಗ್ದೆ ನುಡಿಸಿದೆ.

ಇನ್ನೊಂದು ಒಳ್ಳೇದು, ಕೇಡೆನ್ಸ್ ಹಾಡುಗಳನ್ನೂ ಹಾಕಿದ್ದಾರೆ. ಒಬ್ಬ ಒಂದು ಸಾಲು ಹೇಳೋದು, ಇಡೀ ಪ್ಲಟೂನ್ ವಾಪಸ್ ಕೂಗೋದು, ವಾದ್ಯನೇ ಇಲ್ಲ. 1944ರಲ್ಲಿ ವಿಲ್ಲಿ ಡಕ್ವರ್ತ್ ಅನ್ನೋ ಕಪ್ಪು ಸೈನಿಕ ಫೋರ್ಟ್ ಸ್ಲೋಕಮ್ಮಲ್ಲಿ ಸುಸ್ತಾಗಿದ್ದ ತುಕಡಿಯನ್ನ ನಡೆಸೋಕೆ ಕಟ್ಟಿದ ‘ಸೌಂಡ್ ಆಫ್’ ಅನ್ನೋ ಹಾಡು ಅಮೆರಿಕದ ಸೈನ್ಯದ ತುಂಬಾ ಹಬ್ಬಿತು, ಅದೂ ಇದೆ ಇದ್ರಲ್ಲಿ, ಬಯಲಲ್ಲೇ ರೆಕಾರ್ಡ್ ಮಾಡಿರೋದು, ಬೂಟಿನ ಸದ್ದೇ ತಾಳ.

ಕ್ಷಮಿಸೋಕೆ ಆಗದ ತಪ್ಪು ಒಂದಿದೆ. ಸೂಸಾ ಅವರ 1896ರ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರನ್ನ ಕತ್ತರಿಸಿದ್ದಾರೆ. ಆ ಮಾರ್ಚಿನ ಪ್ರಾಣ ಇರೋದೇ ಟ್ರಿಯೋದಲ್ಲಿ, ಅಂದ್ರೆ ಮಾರ್ಚಿನ ಎರಡನೇ ಭಾಗದ ಟ್ಯೂನಲ್ಲಿ, ಮೊದಲು ಮೆತ್ತಗೆ ಬರತ್ತೆ, ಮಧ್ಯದಲ್ಲಿ ಬ್ರಾಸ್ಸಿನ ಜಗಳ, ಆಮೇಲೆ ಅದೇ ಟ್ಯೂನಿನ ಮೇಲೆ ಪಿಕ್ಕೊಲೋ ಅನ್ನೋ ಪುಟ್ಟ ಕೊಳಲು, ಮತ್ತೆ ಜಗಳ, ಕೊನೇ ಸಲ ಟ್ರಾಂಬೋನ್‌ಗಳೂ ಸೇರಿ ಪೂರ್ತಿ ಬ್ಯಾಂಡು. ಇಲ್ಲಿ ಪಿಕ್ಕೊಲೋ ಸುತ್ತನ್ನೇ ತೆಗೆದು ನೇರ ಕೊನೆಗೆ ಹಾರಿಸಿದ್ದಾರೆ, ಡಿಸ್ಕಲ್ಲಿ ಇನ್ನೂ ಬೇಕಾದಷ್ಟು ಜಾಗ ಇದ್ರೂ. ಹಂತ ಹಂತವಾಗಿ ಏರಬೇಕಾದ್ದು ಏರೋದೇ ಇಲ್ಲ. ಜೊತೆಗೆ ಬುಕ್‌ಲೆಟ್ಟಲ್ಲಿ ಯಾವ ಮಾರ್ಚ್ ಯಾವ ಬ್ಯಾಂಡಿಂದು ಅಂತ ಬರೆದಿಲ್ಲ, ಅಷ್ಟು ಚೆನ್ನಾಗಿ ನುಡಿಸಿದವ್ರ ಹೆಸರು ಹಾಕ್ಬೇಕಿತ್ತು.

ಐದಕ್ಕೆ ನಾಲ್ಕು ಸ್ಟಾರ್. ಹೊಸಬರು ಎರಡನೇ ಡಿಸ್ಕಿಂದ ಶುರು ಮಾಡಿ, ಸಾಧ್ಯ ಆದ್ರೆ ಹೆಡ್‌ಫೋನ್ ಹಾಕ್ಕೊಂಡು ನಡೀತಾ ಕೇಳಿ, ಪ್ಯಾಟನ್ ಬಂದಾಗ ಮುಂದಿನ ಟ್ರ್ಯಾಕಿಗೆ ಹೋಗ್ಬಿಡಿ, ಅದನ್ನ ಸಿನಿಮಾದಲ್ಲೇ ಕೇಳಿ.